ವಾಕರ್ ಅಥವಾ ಹಚಿನ್ಸನ್: 2022ರ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಆಯ್ಕೆಯ ಪ್ರಕರಣ ಅಧ್ಯಯನ

2021ರ ಡಿಸೆಂಬರ್ 31ರ ರಾತ್ರಿ ಫ್ಲಾರಿಡಾದ ಮಯಾಮಿ ಗಾರ್ಡನ್ಸ್‌ನಲ್ಲಿ ಆರೆಂಜ್ ಬೌಲ್ ನಡೆಯಿತು. ಅದು ಅಮೆರಿಕನ್ ಫುಟ್‌ಬಾಲ್‌ನ ಕಾಲೇಜು ಚಾಂಪಿಯನ್‌ಷಿಪ್ಪಿನ ಸೆಮಿಫೈನಲ್ ಪಂದ್ಯ. ಒಂದು ಕಡೆ ಜಾರ್ಜಿಯಾ, ಇನ್ನೊಂದು ಕಡೆ ಮಿಷಿಗನ್. ಮಿಷಿಗನ್ನಿನ ಏಡನ್ ಹಚಿನ್ಸನ್ ಆ ಋತುವಿನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನು, ಅಂದರೆ ಪಾಸ್ ಎಸೆದು ದಾಳಿ ನಡೆಸುವ ಆಟಗಾರರನ್ನು, 14 ಬಾರಿ ಕೆಡವಿ (ಇದನ್ನೇ ಸ್ಯಾಕ್ ಎನ್ನುತ್ತಾರೆ) ತಮ್ಮ ವಿಶ್ವವಿದ್ಯಾಲಯದ ದಾಖಲೆ ಬರೆದಿದ್ದರು. ಜಾರ್ಜಿಯಾದ ಟ್ರೇವಾನ್ ವಾಕರ್ ಅವರ ಹೆಸರು ತಮ್ಮದೇ ತಂಡದ ರಕ್ಷಣಾ ಆಟಗಾರರ ಪಟ್ಟಿಯಲ್ಲೂ ಮೊದಲಿಗೆ ಬರುತ್ತಿರಲಿಲ್ಲ. ಇಬ್ಬರೂ ರಕ್ಷಣೆಯ ಸಾಲಿನವರಾದ್ದರಿಂದ ಒಬ್ಬರು ಮೈದಾನದಲ್ಲಿದ್ದಾಗ ಇನ್ನೊಬ್ಬರು ಅಂಚಿನಲ್ಲಿ ನಿಂತಿರುತ್ತಿದ್ದರು, ಹಾಗಾಗಿ ಅವರು ಒಮ್ಮೆಯೂ ಎದುರುಬದುರಾಗಲಿಲ್ಲ. ಜಾರ್ಜಿಯಾ 34-11ರಿಂದ ಗೆದ್ದಿತು, ಹಚಿನ್ಸನ್‌ಗೆ ಒಂದೂ ಸ್ಯಾಕ್ ಸಿಗಲಿಲ್ಲ. ನಾಲ್ಕು ತಿಂಗಳ ನಂತರ, 2022ರ ಏಪ್ರಿಲ್ 28ರಂದು, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ, ಲಾಸ್ ವೇಗಸ್‌ನಲ್ಲಿ ನಡೆದ ಡ್ರಾಫ್ಟ್‌ನಲ್ಲಿ ಜಾಕ್ಸನ್‌ವಿಲ್ ಜಾಗ್ವಾರ್ಸ್ ತಂಡವು ಮೊದಲ ಆಯ್ಕೆಯಾಗಿ ವಾಕರ್ ಅವರ ಹೆಸರು ಹೇಳಿತು, ಡೆಟ್ರಾಯಿಟ್ ಲಯನ್ಸ್ ಎರಡನೆಯ ಆಯ್ಕೆಯಾಗಿ ಹಚಿನ್ಸನ್ ಅವರನ್ನು ಪಡೆಯಿತು.

ಆ ತೀರ್ಮಾನವನ್ನು ತಲುಪಿದ ಬಗೆಯನ್ನು, ಅದರ ಒಂದೊಂದು ಮೆಟ್ಟಿಲು ಎಷ್ಟು ಗಟ್ಟಿಯಾಗಿತ್ತು ಎಂಬುದನ್ನು ಈ ಬರಹದಲ್ಲಿ ಪರಿಶೀಲಿಸುತ್ತೇನೆ. ಐಪಿಎಲ್ ಹರಾಜನ್ನು ನೋಡಿ ಬಲ್ಲ ಓದುಗರಿಗೆ ಮೊದಲೇ ಒಂದು ಮಾತು ಹೇಳಬೇಕು. ಡ್ರಾಫ್ಟ್‌ನಲ್ಲಿ ಬೆಲೆ ಕೂಗುವ ಪದ್ಧತಿಯಿಲ್ಲ. ಹಿಂದಿನ ಋತುವಿನಲ್ಲಿ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಅದು ಆರಿಸಿದ ಆಟಗಾರ ಆ ತಂಡಕ್ಕೇ ಸೇರಬೇಕು, ಸಂಬಳವೂ ಸರದಿಗೆ ತಕ್ಕಂತೆ ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ವಾಕರ್ ಅವರ ನಾಲ್ಕು ವರ್ಷಗಳ ಒಪ್ಪಂದ ಸುಮಾರು 3.74 ಕೋಟಿ ಡಾಲರಿನದು, ಹಚಿನ್ಸನ್ ಅವರದು ಸುಮಾರು 3.57 ಕೋಟಿಯದು. ಅಂದರೆ ಹಣದ ಲೆಕ್ಕದಲ್ಲಿ ಇಬ್ಬರ ನಡುವೆ ಹೆಚ್ಚಿನ ಅಂತರವಿರಲಿಲ್ಲ, ತಂಡದ ಮುಂದಿದ್ದದ್ದು ಇಬ್ಬರಲ್ಲಿ ಯಾರು ಎಂಬ ಒಂದೇ ಪ್ರಶ್ನೆ.

ಆ ಪ್ರಶ್ನೆ ತೋರುವುದಕ್ಕಿಂತ ಕಠಿಣ. ರಕ್ಷಣೆಯ ಸಾಲು ಎಂಬುದು ಒಂದೇ ಹೆಸರಿನಡಿ ನಡೆಯುವ ಹಲವು ಬಗೆಯ ಕೆಲಸ. ಸಾಲಿನ ಹೊರ ಅಂಚಿನಲ್ಲಿ ನಿಂತು, ಚೆಂಡು ಕೈಬದಲಾದ ಕ್ಷಣವೇ ಎದುರಿನ ತಡೆಗಾರನನ್ನು ಸುತ್ತಿ ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗುವುದು ಒಂದು ಕೆಲಸ. ತಡೆಗಾರನ ಎದೆಗೆ ಕೈಯೂರಿ ಅವನನ್ನು ನಿಂತಲ್ಲೇ ಹಿಡಿದಿಟ್ಟು, ಅವನ ಎರಡೂ ಪಕ್ಕದ ಸಂದುಗಳಿಗೆ ಹೊಣೆಯಾಗಿ ನಿಂತು, ಹಿಂದಿನ ಲೈನ್‌ಬ್ಯಾಕರ್‌ಗಳು ಓಡಿ ಬಂದು ಹಿಡಿಯಲು ದಾರಿ ಮಾಡಿಕೊಡುವುದು ಇನ್ನೊಂದು. ಮೊದಲನೆಯದು ಅಂಕಿಗಳಲ್ಲಿ ಕಾಣುತ್ತದೆ. ಸ್ಯಾಕ್ ಎಂಬುದನ್ನು ಎನ್‌ಎಫ್‌ಎಲ್ 1982ರಿಂದ ಅಧಿಕೃತವಾಗಿ ಎಣಿಸುತ್ತಿದೆ. ಎರಡನೆಯ ಕೆಲಸವನ್ನು ಚೆನ್ನಾಗಿ ಮಾಡಿದವನ ಹೆಸರಿನ ಮುಂದೆ ಹಲವು ಬಾರಿ ಏನೂ ಬರೆಯಲಾಗುವುದಿಲ್ಲ, ಅವನ ಪಕ್ಕದವನ ಹೆಸರಿನ ಮುಂದೆ ಬರೆಯಲಾಗುತ್ತದೆ. ಹೀಗಾಗಿ ಇಬ್ಬರು ಅಭ್ಯರ್ಥಿಗಳ ಸ್ಯಾಕ್‌ಗಳನ್ನು ಪಕ್ಕಪಕ್ಕದಲ್ಲಿ ಬರೆಯುವ ಮೊದಲು ಅವರಿಗೆ ಯಾವ ಕೆಲಸ ಕೊಡಲಾಗಿತ್ತು ಎಂಬುದನ್ನು ನೋಡಬೇಕಾಗುತ್ತದೆ.

ಹಚಿನ್ಸನ್ ಅವರಿಗೆ ಕೊಟ್ಟ ಕೆಲಸ ಸ್ಪಷ್ಟವಾಗಿತ್ತು. 2020ರಲ್ಲಿ ಮೂರನೆಯ ಪಂದ್ಯದಲ್ಲೇ ಕಾಲಿನ ಮೂಳೆ ಮುರಿದು ಹೊರಬಿದ್ದಿದ್ದ ಅವರು, ಡ್ರಾಫ್ಟ್‌ಗೆ ಹೋಗದೆ ಮಿಷಿಗನ್ನಿನಲ್ಲೇ ಉಳಿದರು. ಅವರ ತಂದೆಯೂ ಅದೇ ತಂಡಕ್ಕೆ ಆಡಿದವರು. 2021ರಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡದಿಂದ ಬಂದ ಮೈಕ್ ಮ್ಯಾಕ್‌ಡೊನಾಲ್ಡ್ ರಕ್ಷಣೆಯ ಹೊಣೆ ಹೊತ್ತರು, ಹಚಿನ್ಸನ್ ಬಹುಪಾಲು ಹೊರ ಅಂಚಿನಿಂದಲೇ ಕ್ವಾರ್ಟರ್‌ಬ್ಯಾಕ್‌ನ ಮೇಲೆ ನುಗ್ಗಿದರು. ಇನ್ನೊಂದು ಅಂಚಿನಲ್ಲಿದ್ದ ಡೇವಿಡ್ ಓಜಾಬೊ ಅವರಿಗೂ ಆ ವರ್ಷ 11 ಸ್ಯಾಕ್ ಬಂದವು. ವ್ಯವಸ್ಥೆಯೂ ಅವರಿಗೆ ನೆರವಾಯಿತೆನ್ನಲು ಇದೊಂದು ಸಾಕ್ಷಿ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನವೆಂಬರ್ 27ರ ಓಹಾಯೋ ಸ್ಟೇಟ್ ಪಂದ್ಯ ಬೇರೆಯದೇ ತೂಕದ ಸಾಕ್ಷಿ. ಸತತ ಎಂಟು ಬಾರಿ ಆ ತಂಡಕ್ಕೆ ಸೋತಿದ್ದ ಮಿಷಿಗನ್ ಅಂದು ಹಿಮ ಬೀಳುತ್ತಿದ್ದ ಆ್ಯನ್ ಆರ್ಬರ್‌ನಲ್ಲಿ 42-27ರಿಂದ ಗೆದ್ದಾಗ ಹಚಿನ್ಸನ್ ಮೂರು ಸ್ಯಾಕ್ ಮಾಡಿದರು. ಎದುರಿಗಿದ್ದ ಎರಡೂ ಬದಿಯ ಟ್ಯಾಕಲ್‌ಗಳು, ಅಂದರೆ ಸಾಲಿನ ತುದಿಯ ತಡೆಗಾರರು, ಮುಂದೆ ಎನ್‌ಎಫ್‌ಎಲ್‌ಗೆ ಆಯ್ಕೆಯಾದವರು. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯ ಮತದಾನದಲ್ಲಿ ಅವರು ಎರಡನೆಯವರಾದರು. ಕ್ವಾರ್ಟರ್‌ಬ್ಯಾಕ್‌ಗಳೇ ಆಳುವ ಆ ಮತದಾನದಲ್ಲಿ ರಕ್ಷಣೆಯ ಆಟಗಾರನೊಬ್ಬ ಅಷ್ಟು ಮೇಲೆ ಬರುವುದು ಅಪರೂಪ.

ವಾಕರ್ ಅವರ ಕಥೆ ಹೆಚ್ಚು ಜಟಿಲವಾದದ್ದು, ಈ ಪ್ರಕರಣದ ತಿರುಳೂ ಅಲ್ಲಿಯೇ ಇದೆ. 2021ರಲ್ಲಿ ಅವರ ಸ್ಯಾಕ್‌ಗಳು ಆರು, ಮೂರು ವರ್ಷಗಳಲ್ಲಿ ಒಟ್ಟು ಒಂಬತ್ತೂವರೆ. ಮೊದಲ ಸರದಿಯಲ್ಲಿ ಆಯ್ಕೆಯಾಗುವ ಅಂಚಿನ ಆಟಗಾರನಿಗೆ ಇದು ಬಹಳ ಕಡಿಮೆ. ಆದರೆ ತರಬೇತುದಾರ ಕರ್ಬಿ ಸ್ಮಾರ್ಟ್ ಅವರ ಜಾರ್ಜಿಯಾ ಆ ವರ್ಷ ಪಂದ್ಯಕ್ಕೆ ಸರಾಸರಿ 10.2 ಅಂಕಗಳನ್ನಷ್ಟೇ ಬಿಟ್ಟುಕೊಟ್ಟಿತು, ಹಾಗಿದ್ದೂ ಆ ತಂಡದಲ್ಲಿ ಹತ್ತು ಸ್ಯಾಕ್ ಮುಟ್ಟಿದವರು ಒಬ್ಬರೂ ಇರಲಿಲ್ಲ. ಆಟಗಾರರನ್ನು ಸರದಿಯ ಮೇಲೆ ಒಳಗೆ ಹೊರಗೆ ಕಳಿಸುತ್ತಿದ್ದರು. ವಾಕರ್ ಒಮ್ಮೆ ಹೊರ ಅಂಚಿನಲ್ಲಿ, ಇನ್ನೊಮ್ಮೆ ಟ್ಯಾಕಲ್‌ನ ಒಳಮಗ್ಗುಲಲ್ಲಿ ನಿಲ್ಲುತ್ತಿದ್ದರು, ಕೆಲವೊಮ್ಮೆ ಹಿಂದಕ್ಕೆ ಸರಿದು ಪಾಸ್ ಕಾಯುತ್ತಿದ್ದರು. ಅವರ ಪಕ್ಕದಲ್ಲಿದ್ದ ಜಾರ್ಡನ್ ಡೇವಿಸ್, ಡೆವಾಂಟೆ ವೈಯಟ್, ಹಿಂದಿದ್ದ ಕ್ವೇ ವಾಕರ್ ಮತ್ತು ಲೂಯಿಸ್ ಸೀನ್ ಎಲ್ಲರೂ ಅದೇ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾದರು. ಒಂದೇ ವಿಶ್ವವಿದ್ಯಾಲಯದ ಐವರು ರಕ್ಷಕರು ಮೊದಲ ಸುತ್ತಿನಲ್ಲೇ ಹೋದದ್ದು ಅದೇ ಮೊದಲು. ಇಂಥ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಯಾರ ಕೈಗೆ ಸಿಗುತ್ತಾನೆ ಎಂಬುದು ಪಾಲು ಹಂಚಿಕೆಯ ವಿಷಯವಾಗುತ್ತದೆ, ಸ್ಯಾಕ್ ಕಡಿಮೆಯೆಂದು ಒಬ್ಬನನ್ನು ತಳ್ಳಿಹಾಕುವುದು ನ್ಯಾಯವಾಗುವುದಿಲ್ಲ.

ಮಾರ್ಚ್ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಕ್ರೀಡಾಂಗಣದಲ್ಲಿ, ಡ್ರಾಫ್ಟ್‌ಗೆ ಮುಂಚೆ ಅಭ್ಯರ್ಥಿಗಳ ಮೈಕಟ್ಟು, ವೇಗಗಳನ್ನು ಅಳೆಯುವ ಕಂಬೈನ್ ನಡೆಯಿತು. ಜನವರಿ 10ರಂದು ಅದೇ ಅಂಗಳದಲ್ಲಿ ವಾಕರ್ ಮತ್ತು ಅವರ ಸಂಗಡಿಗರು ಅಲಬಾಮಾವನ್ನು 33-18ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದರು. ಈಗ ಅಲ್ಲಿ ಅವರು 6 ಅಡಿ 5 ಅಂಗುಲ ಎತ್ತರ, 272 ಪೌಂಡ್, ಅಂದರೆ ಸುಮಾರು 123 ಕಿಲೋ ತೂಕದ ಮೈಯೊಂದಿಗೆ 40 ಗಜಗಳನ್ನು 4.51 ಸೆಕೆಂಡಿನಲ್ಲಿ ಓಡಿದರು. ಅವರ ತೋಳಿನ ಉದ್ದ 35½ ಅಂಗುಲ. ಹಚಿನ್ಸನ್ 260 ಪೌಂಡ್ ತೂಗಿ, ಅದೇ ದೂರವನ್ನು 4.74 ಸೆಕೆಂಡಿನಲ್ಲಿ ಓಡಿದರು, ಅವರ ತೋಳು 32⅛ ಅಂಗುಲ. ಸುದ್ದಿಯಾದದ್ದು ಈ ಎರಡು ಹೋಲಿಕೆಗಳೇ. ಅಲ್ಲಿಂದ ಏಪ್ರಿಲ್ ಕೊನೆಯ ಹೊತ್ತಿಗೆ, ತಿಂಗಳುಗಟ್ಟಲೆ ಮೊದಲ ಆಯ್ಕೆಯೆಂದು ಎಲ್ಲರೂ ನಂಬಿದ್ದ ಹಚಿನ್ಸನ್ ಅವರನ್ನು ಬಾಜಿ ಕಟ್ಟುವವರ ಲೆಕ್ಕದಲ್ಲೂ ವಾಕರ್ ಹಿಂದೆ ಹಾಕಿದ್ದರು.

ನನ್ನ ದೃಷ್ಟಿಯಲ್ಲಿ ಅಂದು ಸಾಕಷ್ಟು ಗಮನ ಸಿಗದೆ ಹೋದ ಅಂಕಿಗಳು ಬೇರೆ. ಮೂರು ಕೋನ್‌ಗಳ ಸುತ್ತ ತಿರುಗಿ ಓಡುವ ಪರೀಕ್ಷೆಯಲ್ಲಿ ಹಚಿನ್ಸನ್ 6.73 ಸೆಕೆಂಡ್, ವಾಕರ್ 6.89 ಸೆಕೆಂಡ್. ಐದು ಗಜ, ಹತ್ತು ಗಜ, ಮತ್ತೆ ಐದು ಗಜ ಹಿಂದೆ ಮುಂದೆ ಓಡುವ ಷಟಲ್‌ನಲ್ಲಿ ಹಚಿನ್ಸನ್ 4.15, ವಾಕರ್ 4.32. ಲಂಬ ಜಿಗಿತದಲ್ಲಿಯೂ ಹಚಿನ್ಸನ್ 36 ಅಂಗುಲ, ವಾಕರ್ 35½. ಅಂಚಿನ ಆಟಗಾರ ಪಂದ್ಯದಲ್ಲಿ 40 ಗಜ ನೇರವಾಗಿ ಓಡುವ ಪ್ರಸಂಗ ಇಲ್ಲವೆನ್ನುವಷ್ಟು ಕಡಿಮೆ. ಅವನು ಪ್ರತಿ ಪಾಸ್‌ಗೂ ಮಾಡಬೇಕಾದದ್ದು ನಾಲ್ಕೈದು ಹೆಜ್ಜೆ ನುಗ್ಗಿ, ತಡೆಗಾರನ ಹೆಗಲ ಪಕ್ಕದಲ್ಲಿ ಮೈ ಬಾಗಿಸಿ, ವೇಗ ಕಳೆದುಕೊಳ್ಳದೆ ಒಳಕ್ಕೆ ತಿರುಗುವುದು. ಆ ತಿರುಗುವಿಕೆಗೆ ಹತ್ತಿರವಾದ ಪರೀಕ್ಷೆಗಳಲ್ಲಿ ಮುಂದಿದ್ದವರು ಹಚಿನ್ಸನ್. ಹಚಿನ್ಸನ್ ಅವರಿಗಿಂತ 12 ಪೌಂಡ್ ಹೆಚ್ಚು ತೂಕವಿದ್ದ ವಾಕರ್ ಅವರ ಸಮಯಗಳೂ ಅಸಾಧಾರಣವೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಬ್ಬರಿಗೆ ಅಂಗಸೌಷ್ಠವ, ಇನ್ನೊಬ್ಬರಿಗೆ ಬರಿಯ ಶ್ರಮ ಎಂಬಂತೆ ಅಂದು ಹರಡಿದ ಚಿತ್ರ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಈಗ ಜಾಕ್ಸನ್‌ವಿಲ್‌ನ ಪರಿಸ್ಥಿತಿ. 2021ರಲ್ಲಿ 3 ಗೆಲುವು, 14 ಸೋಲು. ತರಬೇತುದಾರ ಅರ್ಬನ್ ಮೈಯರ್ ಅವರನ್ನು ಡಿಸೆಂಬರಿನಲ್ಲೇ ತೆಗೆದುಹಾಕಲಾಗಿತ್ತು, ಡಗ್ ಪೀಡರ್‌ಸನ್ ಹೊಸದಾಗಿ ಬಂದಿದ್ದರು. ಹಿಂದಿನ ವರ್ಷದ ಮೊದಲ ಆಯ್ಕೆಯಲ್ಲಿ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ಸಿಕ್ಕಿದ್ದರು. ಲಾರೆನ್ಸ್ ಅವರನ್ನು ಕಾಯುವ ಎಡ ಟ್ಯಾಕಲ್ ಕ್ಯಾಮ್ ರಾಬಿನ್ಸನ್ ಅವರನ್ನು ಉಳಿಸಿಕೊಂಡದ್ದರಿಂದ ಮೊದಲ ಆಯ್ಕೆಯನ್ನು ಟ್ಯಾಕಲ್‌ಗೆ ಬಳಸುವ ಒತ್ತಡವೂ ಕಡಿಮೆಯಾಯಿತು. ಒಂದು ಅಂಚಿನಲ್ಲಿ 2019ರ ಏಳನೆಯ ಆಯ್ಕೆಯಾಗಿದ್ದ ಜಾಷ್ ಆಲನ್ ಇದ್ದರು. ಅವರ ಎದುರು ಬದಿಗೆ, ಬೇಕಾದಾಗ ಒಳಗೂ ಸರಿದು ಆಡಬಲ್ಲ ದೊಡ್ಡ ಮೈಯವರೊಬ್ಬರು ಬೇಕೆಂದು ತಂಡ ಬಯಸಿದರೆ ಅದರಲ್ಲಿ ತಪ್ಪಿಲ್ಲ.

ಆಯ್ಕೆಯ ಹೊಣೆ ಹೊತ್ತಿದ್ದ ಜನರಲ್ ಮ್ಯಾನೇಜರ್ ಟ್ರೆಂಟ್ ಬಾಲ್ಕಿ ಅವರ ಹಿಂದಿನ ನಡೆಯನ್ನೂ ಇಲ್ಲಿ ನೆನೆಯಬೇಕು. ಸ್ಯಾನ್ ಫ್ರಾನ್ಸಿಸ್ಕೋ ತಂಡದಲ್ಲಿದ್ದಾಗ 2011ರಲ್ಲಿ ಅವರು ಏಳನೆಯ ಆಯ್ಕೆಯಾಗಿ ಆಲ್ಡನ್ ಸ್ಮಿತ್ ಅವರನ್ನು ತಂದಿದ್ದರು. ಉದ್ದ ತೋಳು, ಇನ್ನೂ ಪಳಗದ ಆಟ. ಸ್ಮಿತ್ ಮೊದಲ ವರ್ಷವೇ 14 ಸ್ಯಾಕ್, ಮರುವರ್ಷ 19½ ಸ್ಯಾಕ್ ಮಾಡಿದರು. ಆಮೇಲೆ 2015ರಲ್ಲಿ ಆರಿಕ್ ಆರ್ಮ್‌ಸ್ಟೆಡ್, 2016ರಲ್ಲಿ ಡಿಫಾರೆಸ್ಟ್ ಬಕ್ನರ್, ಇಬ್ಬರೂ ಎತ್ತರದ, ಉದ್ದ ತೋಳಿನ ಸಾಲಿನಾಳುಗಳು. ಉದ್ದ ತೋಳಿಗೆ ನಿಜವಾದ ಉಪಯೋಗವಿದೆ: ಮೊದಲು ಯಾರ ಕೈ ಎದುರಾಳಿಯ ಎದೆ ಮುಟ್ಟುತ್ತದೋ ಅವನ ಹತೋಟಿಗೆ ಆ ಸೆಣಸಾಟ ಸಿಗುತ್ತದೆ, ಮೂರು ಅಂಗುಲಕ್ಕೂ ಮಿಕ್ಕ ಅಂತರ ಸಣ್ಣದೇನಲ್ಲ. ಆದರೆ 2022ರ ಫೆಬ್ರುವರಿಯಲ್ಲಿ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿದ್ದ ರ‍್ಯಾಮ್ಸ್ ತಂಡದ ಆರನ್ ಡೊನಾಲ್ಡ್ ಅವರ ತೋಳು 33 ಅಂಗುಲವೂ ಇರಲಿಲ್ಲ. 2014ರ ಡ್ರಾಫ್ಟ್‌ನಲ್ಲಿ, ಮೈಕಟ್ಟಿನಿಂದಲೇ ಎಲ್ಲರನ್ನೂ ಬೆರಗುಗೊಳಿಸಿದ್ದ ಜಡೇವಿಯನ್ ಕ್ಲೌನಿ ಮೊದಲಿಗರಾಗಿ ಹೋದಾಗ, ಗಿಡ್ಡನೆಂಬ ಕಾರಣಕ್ಕೆ ಡೊನಾಲ್ಡ್ 13ನೆಯ ಆಯ್ಕೆಯವರೆಗೆ ಕಾಯಬೇಕಾಯಿತು. ಆಮೇಲೆ ಅವರು ವರ್ಷದ ಅತ್ಯುತ್ತಮ ರಕ್ಷಕ ಪ್ರಶಸ್ತಿಯನ್ನು ಮೂರು ಬಾರಿ ಪಡೆದರು. ತೋಳಿನ ಕೊರತೆಯನ್ನು ಮೊದಲ ಹೆಜ್ಜೆಯ ಚುರುಕಿನಿಂದ, ಕೈ ಬಳಸುವ ಜಾಣ್ಮೆಯಿಂದ ತುಂಬಿಕೊಳ್ಳಬಹುದೆಂಬುದಕ್ಕೆ ಸಾಕ್ಷಿ ಎಲ್ಲರ ಕಣ್ಣೆದುರಿಗೇ ಇತ್ತು.

ವಾಕರ್ ಪರವಾದ ವಾದವನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಮೆಟ್ಟಿಲುಗಳಿವೆ. ಜಾರ್ಜಿಯಾದ ವ್ಯವಸ್ಥೆಯಲ್ಲಿ ಅವರಿಗೆ ಸ್ಯಾಕ್ ಮಾಡುವ ಅವಕಾಶ ಕಡಿಮೆಯಿತ್ತು, ಆದ್ದರಿಂದ ಕಡಿಮೆ ಸ್ಯಾಕ್‌ಗಳು ಅವರ ಸಾಮರ್ಥ್ಯವನ್ನು ತೋರಿಸುವುದಿಲ್ಲ ಎಂಬುದು ಮೊದಲನೆಯದು. ಇದು ಸರಿ, ಇದನ್ನು ಗುರುತಿಸಿದ ಜಾಕ್ಸನ್‌ವಿಲ್‌ನ ಶೋಧಕರು ಮೇಲುಮೇಲಿನ ಅಂಕಿಗೆ ಮರುಳಾಗದೆ ಆಟವನ್ನು ನೋಡಿದರು ಎಂಬ ಮೆಚ್ಚುಗೆಗೆ ಅರ್ಹರು. ಅವಕಾಶ ಕೊಟ್ಟರೆ ಸ್ಯಾಕ್‌ಗಳು ಬರುತ್ತವೆ ಎಂಬುದು ಎರಡನೆಯದು. ಮೊದಲನೆಯದರಿಂದ ಎರಡನೆಯದು ಹುಟ್ಟುವುದಿಲ್ಲ. ಒಬ್ಬ ಆಟಗಾರ ತಡೆಗಾರನನ್ನು ಹಿಡಿದಿಡುವ ಕೆಲಸವನ್ನು ಮೂರು ವರ್ಷ ನಿಷ್ಠೆಯಿಂದ ಮಾಡಿದ್ದಾನೆ ಎಂದರೆ, ಟ್ಯಾಕಲ್ ಮೊದಲ ಏಟನ್ನು ತಡೆದಾಗ ಎರಡನೆಯ ಏಟು ಯಾವುದು, ಒಳಗೆ ನುಗ್ಗುವ ಸೂಚನೆ ಕೊಟ್ಟು ಹೊರಗೆ ಹೋಗುವುದು ಹೇಗೆ, ಒಂದೇ ಪಂದ್ಯದಲ್ಲಿ ಒಬ್ಬನೇ ಟ್ಯಾಕಲ್‌ಗೆ ಮೂವತ್ತು ಬಾರಿ ಎದುರಾದಾಗ ಅವನನ್ನು ಮರುಳು ಮಾಡುವುದು ಹೇಗೆ ಎಂಬುದನ್ನು ಅವನು ಅಷ್ಟರಮಟ್ಟಿಗೆ ಅಭ್ಯಾಸ ಮಾಡಿಲ್ಲ ಎಂದೂ ಅರ್ಥ. ಮೈಯ ಬಲ ವ್ಯವಸ್ಥೆ ಬದಲಾದರೂ ಜೊತೆಯಲ್ಲೇ ಬರುತ್ತದೆ, ಕೈಯ ಕಸುಬು ಮಾತ್ರ ಕಾಲ ಕೇಳುತ್ತದೆ. ಹಚಿನ್ಸನ್ ಅವರಲ್ಲಿ ಆ ಕಸುಬು ಕಣ್ಣಿಗೆ ಕಾಣುವಂತೆ ಇತ್ತು, ವಾಕರ್ ಅವರಲ್ಲಿ ಅದು ಊಹೆ.

ಹಚಿನ್ಸನ್ ವಿರುದ್ಧದ ವಾದವೂ ಇದ್ದಿತು. ಅವರು ಈಗಾಗಲೇ ತಮ್ಮ ಮಿತಿಯನ್ನು ಮುಟ್ಟಿದ್ದಾರೆ, ವಾಕರ್ ಇನ್ನೂ ಬೆಳೆಯಬಲ್ಲರು ಎನ್ನುತ್ತಿದ್ದರು. ಇಬ್ಬರ ವಯಸ್ಸಿನ ಅಂತರ ನಾಲ್ಕು ತಿಂಗಳಷ್ಟೇ: ಒಬ್ಬರು ಹುಟ್ಟಿದ್ದು 2000ದ ಆಗಸ್ಟ್‌ನಲ್ಲಿ, ಇನ್ನೊಬ್ಬರು ಅದೇ ವರ್ಷದ ಡಿಸೆಂಬರಿನಲ್ಲಿ. ಚೆನ್ನಾಗಿ ಕಲಿತಿರುವವನು ಇನ್ನು ಕಲಿಯಲಾರ ಎಂದು ತಿಳಿಯುವುದಕ್ಕೆ ನನಗಂತೂ ಆಧಾರ ಕಾಣುವುದಿಲ್ಲ, ಕಲಿಯುವ ಗುಣವನ್ನು ಅವನು ಒಮ್ಮೆ ತೋರಿಸಿಯೇ ಇದ್ದಾನೆ. ಆರೆಂಜ್ ಬೌಲ್ ಅನ್ನು ಎತ್ತಿ ತೋರಿಸಿದವರೂ ಇದ್ದರು. ಅಂದು ಜಾರ್ಜಿಯಾದ ಸ್ಟೆಟ್ಸನ್ ಬೆನೆಟ್ 313 ಗಜಗಳಷ್ಟು ಪಾಸ್ ಎಸೆದು ಮೂರು ಟಚ್‌ಡೌನ್ ಮಾಡಿಸಿದರು, ಹಚಿನ್ಸನ್‌ಗೆ ಬೆನೆಟ್ ಅವರನ್ನು ತಲುಪಲಾಗಲಿಲ್ಲ. ಪ್ರಶ್ನೆ ನ್ಯಾಯವಾದದ್ದೇ, ಆದರೆ ಹದಿನಾಲ್ಕು ಪಂದ್ಯಗಳಲ್ಲಿ ಒಂದನ್ನು ಆರಿಸಿ ಅದರಿಂದ ಒಬ್ಬರನ್ನು ಅಳೆದರೆ, ಓಹಾಯೋ ಸ್ಟೇಟ್ ಪಂದ್ಯದಿಂದಲೂ ಅಳೆಯಬೇಕಾಗುತ್ತದೆ.

ಆರಿಗನ್ನಿನ ಕೇವಾನ್ ಟಿಬೊಡೊ ಅವರನ್ನು ಇಲ್ಲಿ ಸಂಕ್ಷೇಪವಾಗಿ ಮುಗಿಸುತ್ತೇನೆ. ಋತು ಆರಂಭವಾಗುವ ಮೊದಲು ಮೊದಲ ಆಯ್ಕೆಯ ಮಾತು ಅವರ ಸುತ್ತಲೇ ಇತ್ತು, ಕಾಲಿನ ಗಾಯದ ನಡುವೆ 7 ಸ್ಯಾಕ್ ಮಾಡಿದರು, ಕೊನೆಗೆ ಐದನೆಯ ಆಯ್ಕೆಯಾಗಿ ನ್ಯೂಯಾರ್ಕ್ ಜಯಂಟ್ಸ್ ಸೇರಿದರು. ಮೂರನೆಯ ಮತ್ತು ನಾಲ್ಕನೆಯ ಆಯ್ಕೆಗಳು ಪಾಸ್ ತಡೆಯುವ ಕಾರ್ನರ್‌ಬ್ಯಾಕ್‌ಗಳಾದ ಡೆರೆಕ್ ಸ್ಟಿಂಗ್ಲಿ ಮತ್ತು ಸಾಸ್ ಗಾರ್ಡ್ನರ್. ಮೊದಲ ಐವರೂ ರಕ್ಷಕರೇ ಆದದ್ದು 1991ರ ನಂತರ ಅದೇ ಮೊದಲ ಬಾರಿ.

ಮುಂದೆ ನಡೆದದ್ದು ಹೀಗಿದೆ. ವಾಕರ್ ತಮ್ಮ ಮೊದಲ ಪಂದ್ಯದಲ್ಲೇ ವಾಷಿಂಗ್ಟನ್ ವಿರುದ್ಧ ಒಂದು ಸ್ಯಾಕ್ ಮಾಡಿ, ಒಂದು ಪಾಸ್ ಕಸಿದರು. ಆ ದಿನ ನೋಡಿದವರಿಗೆ ಜಾಕ್ಸನ್‌ವಿಲ್ ಗೆದ್ದಂತೆಯೇ ಕಂಡಿರಬೇಕು. ಆದರೆ ಆ ಋತುವಿನ 15 ಪಂದ್ಯಗಳಲ್ಲಿ ಅವರಿಗೆ ಸಿಕ್ಕದ್ದು ಒಟ್ಟು ಮೂರೂವರೆ ಸ್ಯಾಕ್. ಹಚಿನ್ಸನ್ ಎರಡನೆಯ ಪಂದ್ಯದಲ್ಲಿ ಅದೇ ವಾಷಿಂಗ್ಟನ್ ವಿರುದ್ಧ ಮೊದಲಾರ್ಧದೊಳಗೇ ಮೂರು ಸ್ಯಾಕ್ ಮಾಡಿದರು, ಋತುವಿನ ಕೊನೆಗೆ ಒಂಬತ್ತೂವರೆ ಸ್ಯಾಕ್, ಮೂರು ಇಂಟರ್‌ಸೆಪ್ಷನ್, ಅಂದರೆ ಕಸಿದ ಪಾಸ್. ಆ ಮೂರರಲ್ಲಿ ಒಂದು ಗ್ರೀನ್ ಬೇ ತಂಡದ ಆರನ್ ರಾಜರ್ಸ್ ಎಸೆದದ್ದು: ಗೋಲ್ ಗೆರೆಯ ಹತ್ತಿರ ರಾಜರ್ಸ್ ತಮ್ಮದೇ ಸಾಲಿನ ಟ್ಯಾಕಲ್‌ಗೆ ಚೆಂಡು ಎಸೆಯುವ ತಂತ್ರ ಹೂಡಿದಾಗ, ನುಗ್ಗುವ ಬದಲು ಹಿಂದೆ ಉಳಿದ ಹಚಿನ್ಸನ್ ಅದನ್ನು ಹಿಡಿದರು. ಕಂಬೈನ್‌ನಲ್ಲಿ ಇದನ್ನು ಅಳೆಯುವ ಯಾವ ಪರೀಕ್ಷೆಯೂ ಇಲ್ಲ. ಆ ವರ್ಷದ ಡಿಸೆಂಬರ್ 4ರಂದು ಎರಡು ತಂಡಗಳು ಎದುರಾದಾಗ ಲಯನ್ಸ್ 40-14ರಿಂದ ಗೆದ್ದಿತು.

ಜಾಕ್ಸನ್‌ವಿಲ್ ಆಯ್ಕೆ ಸೋತಿತೆಂದು ಬರೆದು ಮುಗಿಸುವುದು ಸುಲಭ, ಆದರೆ ಅದು ಸತ್ಯಕ್ಕೆ ದೂರ. ವಾಕರ್ 2023ರಲ್ಲಿ 10, 2024ರಲ್ಲಿ 10½ ಸ್ಯಾಕ್ ಮಾಡಿದರು. ಕಲಿಯಬೇಕಾಗಿದ್ದ ಕಸುಬನ್ನು ಅವರು ಕಲಿತರು, ಓಟದ ಆಟವನ್ನು ತಡೆಯುವ ಅವರ ಬಲ ಮೊದಲ ದಿನದಿಂದಲೂ ಇತ್ತು. 2025ರಲ್ಲಿ ತಂಡ ಅವರ ಒಪ್ಪಂದಕ್ಕೆ, ತಾನು ಬಯಸಿದರೆ ಮಾತ್ರ ಸೇರುವ ಐದನೆಯ ವರ್ಷವನ್ನು ಸೇರಿಸಿತು, ಬೇಡದ ಆಟಗಾರನಿಗೆ ಯಾವ ತಂಡವೂ ಹಾಗೆ ಮಾಡುವುದಿಲ್ಲ. ನಷ್ಟವೆಂದರೆ ಕಾಲದ್ದು. 2022ರ ಜಾಗ್ವಾರ್ಸ್ 9-8ರ ದಾಖಲೆಯೊಂದಿಗೆ ತಮ್ಮ ವಿಭಾಗ ಗೆದ್ದು, ಪ್ಲೇಆಫ್‌ನಲ್ಲಿ ಚಾರ್ಜರ್ಸ್ ವಿರುದ್ಧ 27-0ರ ಹಿನ್ನಡೆಯಿಂದ ಮೇಲೆದ್ದು 31-30ರಿಂದ ಗೆದ್ದ ತಂಡ. ಅಂಥ ತಂಡಕ್ಕೆ ಆ ಋತುವಿನಲ್ಲೇ ಎರಡನೆಯ ಅಂಚಿನಿಂದ ಹತ್ತು ಸ್ಯಾಕ್ ಸಿಕ್ಕಿದ್ದರೆ ಎಂದು ಯೋಚಿಸದೆ ಇರಲು ನನ್ನಿಂದ ಆಗಿಲ್ಲ. 2024ರಲ್ಲಿ ತಂಡ 13 ಪಂದ್ಯ ಸೋತಿತು, ಮರುವರ್ಷದ ಜನವರಿಯಲ್ಲಿ ಪೀಡರ್‌ಸನ್, ಬಾಲ್ಕಿ ಇಬ್ಬರೂ ತಂಡದಿಂದ ಹೊರಬಿದ್ದರು. ಹಚಿನ್ಸನ್ 2023ರಲ್ಲಿ 11½ ಸ್ಯಾಕ್ ಮಾಡಿದಾಗ ಲಯನ್ಸ್ ಲೀಗಿನ ಎರಡು ಭಾಗಗಳಲ್ಲಿ ಒಂದಾದ ಎನ್‌ಎಫ್‌ಸಿಯ ಫೈನಲ್ ತಲುಪಿ, ಸ್ಯಾನ್ ಫ್ರಾನ್ಸಿಸ್ಕೋಗೆ 34-31ರಿಂದ ಸೋತಿತು.

ಕೊನೆಯದಾಗಿ 2024ರ ಅಂಕಿಗಳು. ಆ ಋತುವಿನ ಪಟ್ಟಿಯನ್ನು ಮಾತ್ರ ನೋಡಿದರೆ ವಾಕರ್ 10½, ಹಚಿನ್ಸನ್ 7½, ಮೊದಲ ಬಾರಿಗೆ ವಾಕರ್ ಮುಂದೆ. ವಾಕರ್ ಅದನ್ನು 17 ಪಂದ್ಯಗಳಲ್ಲಿ ಗಳಿಸಿದರು. ಹಚಿನ್ಸನ್ ಆಡಿದ್ದು ಐದೇ ಪಂದ್ಯ. ಅಕ್ಟೋಬರ್ 13ರಂದು ಡಾಲಸ್ ತಂಡದ ವಿರುದ್ಧ ಸ್ಯಾಕ್ ಮಾಡಲು ಹೋದಾಗ ಜೊತೆ ಆಟಗಾರನಿಗೇ ತಗುಲಿ ಅವರ ಎಡಗಾಲಿನ ಎರಡೂ ಮೂಳೆಗಳು ಮುರಿದವು. ಮೂರು ಋತುಗಳನ್ನು ಕೂಡಿಸಿದರೆ ವಾಕರ್ 49 ಪಂದ್ಯಗಳಲ್ಲಿ 24 ಸ್ಯಾಕ್, ಹಚಿನ್ಸನ್ 39 ಪಂದ್ಯಗಳಲ್ಲಿ 28½.